ಮನೆಯಲ್ಲೇ ಸಿಗುವ ಹಣೆಪಟ್ಟಿ

ಯಾವ ಮನೆಯಲ್ಲಾದರೂ ಸರಿ, ಒಬ್ಬೊಬ್ಬರ ಕೊರತೆ ಏನು ಅಂತ ಕೇಳಿ ನೋಡಿ. ಉತ್ತರ ಪಟಪಟ ಅಂತ ಬರುತ್ತದೆ. ಅವನಿಗೆ ಮುಂಗೋಪ. ಇವಳು ಹಠಮಾರಿ. ದೊಡ್ಡವನು ಸೋಮಾರಿ. ಸರಿ, ಒಳ್ಳೆಯ ಗುಣ ಏನು ಅಂದರೆ ಎಲ್ಲರೂ ಯೋಚನೆಗೆ ಬೀಳುತ್ತಾರೆ. ಕೊನೆಗೆ 'ಒಳ್ಳೆಯವನೇ, ಆದರೆ...' ಅಂತ ಶುರು ಮಾಡುತ್ತಾರೆ. ಆ 'ಆದರೆ' ಬಂತೋ, ಮತ್ತೆ ಅದೇ ಹಳೇ ಪಟ್ಟಿ.

ಪ್ರೀತಿ ಇಲ್ಲ ಅಂತ ಇದರ ಅರ್ಥ ಅಲ್ಲ. ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಅವರ ಜೊತೆಗಾರರು ಅಲ್ಲಿಯವರೆಗಿನ ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ 2001ರಲ್ಲಿ ಒಂದು ಲೇಖನ ಬರೆದರು. ಸಂಬಂಧ, ಕಲಿಕೆ, ಭಾವನೆ, ಎಲ್ಲಿ ನೋಡಿದರೂ ಕೆಟ್ಟದ್ದರ ಪೆಟ್ಟು ಒಳ್ಳೆಯದಕ್ಕಿಂತ ಜೋರು ಅಂತ ಅವರಿಗೆ ಕಂಡಿತು. ಮನೆಯಲ್ಲಂತೂ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಸರಿಯಾಗಿ ನಡೆದ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಅಜ್ಜಿಗೆ ದಿನಾ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಒಂದು ದಿನ ಮರೆತರೆ ಸಾಕು, ಅದು ವರ್ಷಗಟ್ಟಲೆ ಸುದ್ದಿ.

ಕುಟುಂಬದ ಮೌಲ್ಯ ಅಂದಾಗ ನಾವು ಹಿರಿಯರಿಗೆ ಗೌರವ, ಒಗ್ಗಟ್ಟು, ಹೊಂದಿಕೊಂಡು ಹೋಗುವುದು ಅಂತೆಲ್ಲ ಹೇಳುತ್ತೇವೆ. ಇರಲಿ, ಬೇಡ ಅನ್ನಲ್ಲ. ಆದರೆ ಪಕ್ಕದಲ್ಲೇ ಬದುಕುವವರನ್ನು ಇದ್ದ ಹಾಗೆ ನೋಡುವುದೂ ಒಂದು ಮೌಲ್ಯ ಅಲ್ವಾ? ನನ್ನ ಪ್ರಕಾರ ಉಳಿದದ್ದೆಲ್ಲ ಅದಾದ ಮೇಲೆ.

ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಗಂಡ ಹೆಂಡತಿ, ಇಬ್ಬರೂ ಮನೋವೈದ್ಯರು. 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಅಧ್ಯಯನ ಶುರು ಮಾಡಿ, 133 ಮಕ್ಕಳನ್ನು ಹಸುಳೆ ವಯಸ್ಸಿನಿಂದ ದೊಡ್ಡವರಾಗುವ ತನಕ ಗಮನಿಸಿದರು. ಸುಮಾರು 40 ಶೇಕಡಾ ಮಕ್ಕಳು ಸಲೀಸು. 10 ಶೇಕಡಾ ಮಕ್ಕಳು ಭಾರಿ ತಂಟೆ. 15 ಶೇಕಡಾ ಮಕ್ಕಳಿಗೆ ಹೊಸಬರು, ಹೊಸ ಜಾಗ ಅಂದರೆ ಒಗ್ಗಿಕೊಳ್ಳಲು ಸಮಯ ಬೇಕು. ಉಳಿದವರು ಯಾವ ಗುಂಪಿಗೂ ಸರಿಯಾಗಿ ಸೇರಲಿಲ್ಲ. ಅವರು ಕಂಡುಕೊಂಡ ದೊಡ್ಡ ಸಂಗತಿ ಏನೆಂದರೆ, ಮಗು ಮುಂದೆ ಹೇಗಾಗುತ್ತದೆ ಅನ್ನುವುದು ಅದರ ಸ್ವಭಾವ ಒಂದರ ಮೇಲೆ ನಿಂತಿಲ್ಲ. ಆ ಸ್ವಭಾವಕ್ಕೂ ಮನೆಯವರ ನಿರೀಕ್ಷೆಗೂ ಎಷ್ಟು ಹೊಂದುತ್ತದೆ ಅನ್ನುವುದು ಮುಖ್ಯ. ನಿಧಾನಕ್ಕೆ ಬೆರೆಯುವ ಮಗುವನ್ನು ಬಂದವರ ಮುಂದೆ ತಳ್ಳಿ 'ಹಾಡು ಹೇಳು' ಅಂದರೆ ಅದು ಇನ್ನಷ್ಟು ಮುದುಡುತ್ತದೆ. ಸುಮ್ನೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಬರುತ್ತದೆ.

ಇನ್ನು ಆ ಹಠಮಾರಿ ಹುಡುಗಿಯ ವಿಷಯ. ಮನೆಯಲ್ಲಿ ಯಾರಿಗೋ ಕಾಯಿಲೆ ಬಂದಾಗ ಆಸ್ಪತ್ರೆ, ಇನ್ಶೂರೆನ್ಸ್ ಅಂತ ಓಡಾಡಿ, ಹಣ ಕೈಗೆ ಬರುವ ತನಕ ಬಿಡದವಳು ಅವಳೇ ಆಗಿರುತ್ತಾಳೆ. ಆಗ ಎಲ್ಲರೂ 'ಪರವಾಗಿಲ್ಲ, ಗಟ್ಟಿಗಿತ್ತಿ' ಅನ್ನುತ್ತಾರೆ. ಅದೇ ಹಠ ಕಣ್ರೀ! ಜಾಗ ಬೇರೆ, ಅಷ್ಟೇ. ಹಾಗಂತ ಎಲ್ಲ ಕೊರತೆಯ ಒಳಗೂ ಒಂದು ಗುಣ ಅಡಗಿದೆ ಅಂತ ಹೇಳಲಾರೆ. ಮನೆಯವರ ಮೇಲೆ ಕೈ ಎತ್ತುವುದಕ್ಕೆ ಇನ್ನೊಂದು ಮುಖ ಇಲ್ಲ. ಅದನ್ನೂ 'ಅವನ ಸ್ವಭಾವ, ಸಹಿಸಿಕೋ' ಅನ್ನುವ ಮನೆ ಮೌಲ್ಯದ ಮಾತು ಆಡದಿರುವುದೇ ವಾಸಿ.

ನಮ್ಮ ಬಲ ನಮಗೇ ಗೊತ್ತಿರುವುದಿಲ್ಲ ಅನ್ನುವುದೂ ಇದೆ. ಸಲೀಸಾಗಿ ಬರುವ ಕೆಲಸವನ್ನು 'ಇದರಲ್ಲೇನಿದೆ, ಯಾರು ಬೇಕಾದರೂ ಮಾಡ್ತಾರೆ' ಅಂದುಕೊಳ್ಳುತ್ತೇವೆ. ಜಗಳ ಬಿಡಿಸುವವನಿಗೆ ತಾನು ಜಗಳ ಬಿಡಿಸುವುದರಲ್ಲಿ ಜಾಣ ಅಂತ ಅನ್ನಿಸಿಯೇ ಇರುವುದಿಲ್ಲ. ಮನೋವಿಜ್ಞಾನಿಗಳಾದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ 1955ರಲ್ಲಿ ನಾಲ್ಕು ಖಾನೆಗಳ ಒಂದು ಚೌಕ ಬರೆದು ತೋರಿಸಿದ್ದರು. ನಮಗೆ ಕಾಣದೆ ಬೇರೆಯವರಿಗೆ ಮಾತ್ರ ಕಾಣುವ ಗುಣಗಳಿಗೆ ಅದರಲ್ಲಿ ಒಂದು ಖಾನೆ. ಅದನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವವರು ಮನೆಯವರು. ಆದರೆ ಹೇಳಲ್ಲ. ಹೇಳಿದರೆ ತಲೆಗೇರುತ್ತದಂತೆ.

ಹೇಳಲು ಹೊರಟವರು ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. 'ನನ್ನ ಮಗ ಮಹಾ ಬುದ್ಧಿವಂತ' ಅಂತ ದಿನಾ ಹೇಳುವುದೂ ಹಣೆಪಟ್ಟಿಯೇ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿಯನ್ನು ಹೊಗಳಿಸಿಕೊಂಡ ಐದನೇ ತರಗತಿ ಮಕ್ಕಳು ಕಷ್ಟದ ಒಗಟುಗಳಲ್ಲಿ ಸೋತ ಮೇಲೆ ಬೇಗ ಕೈಚೆಲ್ಲಿದರು. ಶ್ರಮವನ್ನು ಹೊಗಳಿಸಿಕೊಂಡವರು ಮತ್ತೆ ಪ್ರಯತ್ನಿಸಿದರು. 'ಮೂರು ಸಲ ತಪ್ಪಾದರೂ ಬಿಡದೆ ಮಾಡಿದೆ ನೋಡು' ಅನ್ನುವ ಮಾತಿಗೆ ಜಾಸ್ತಿ ಬೆಲೆ, ಯಾಕೆಂದರೆ ಅದನ್ನು ಹೇಳಲು ಪಕ್ಕದಲ್ಲಿ ಕೂತು ನೋಡಿರಬೇಕು.

ಹಣೆಪಟ್ಟಿ ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ. ವಯಸ್ಸಾದ ಅಪ್ಪ ಅಮ್ಮನಿಗೆ ನಾವೇ ಅಂಟಿಸುತ್ತೇವೆ. ಮರೆವು ಜಾಸ್ತಿ, ಫೋನ್ ಬರಲ್ಲ, ಹೇಳಿದ್ದೇ ಹೇಳ್ತಾರೆ. ವಯಸ್ಸಾದಂತೆ ಹೊಸದನ್ನು ಬೇಗ ಹಿಡಿಯುವ ಚುರುಕು ಕಡಿಮೆಯಾಗುವುದು ನಿಜ. ಆದರೆ ಬದುಕಿನಲ್ಲಿ ಕೂಡಿಟ್ಟುಕೊಂಡ ತಿಳಿವಳಿಕೆ ಅಷ್ಟು ಬೇಗ ಹೋಗುವುದಿಲ್ಲ. ಆ್ಯಪ್ ಮುಂದೆ ತಿಣುಕುವ ಅಪ್ಪನೇ ಮನೆ ಖರೀದಿಯ ಕಾಗದ ಓದಿ 'ಇಲ್ಲೇನೋ ಸರಿಯಿಲ್ಲ' ಅನ್ನುವವರು. ಅವರನ್ನು ಕೇಳುವವರು ಎಷ್ಟು ಜನ? ಬಹಳ ಕಡೆ ಅಪ್ಪನನ್ನು ಕರೆಯುವುದು ಸಹಿ ಹಾಕಿಸಲು ಮಾತ್ರ.