ಪಂಚಾಯಿತಿ ಕಣದ ಎದುರಾಳಿಗಳು ಗೆಳೆಯರಾಗಿರಬೇಕೇ?

ಪರ: ಎಣಿಕೆ ಮುಗಿದ ಮೇಲೂ ಅದೇ ಓಣಿ

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಅಷ್ಟು ಸಣ್ಣ ಕಣದಲ್ಲಿ ನಿಂತವರಿಬ್ಬರೂ ಒಂದೇ ಬೋರ್‌ವೆಲ್ಲಿನ ನೀರು ಕುಡಿಯುವವರು, ಎಷ್ಟೋ ಸಲ ದಾಯಾದಿಗಳು. ಗೆದ್ದವರಿಗೆ 150 ಮತ, ಸೋತವರಿಗೆ 140 ಬಿದ್ದಿದೆ ಅನ್ನಿ. ಮುಖ ಮುರಿದುಕೊಂಡರೆ ಮನೆ ಹಂಚಿಕೆಯ ಪಟ್ಟಿ ಓದುವ ಹೊತ್ತಿಗೆ ಆ 140 ಜನ ಎದ್ದು ನಿಲ್ಲುತ್ತಾರೆ, ವಾರ್ಡ್ ಸಭೆ ಅಲ್ಲಿಗೇ ಬರಖಾಸ್ತು.

ಚಿಹ್ನೆ ಹಂಚಿಕೆಯಾದ ಸಂಜೆಯೇ ಇಬ್ಬರೂ ಕೂತು ಮೂರು ಮಾತು ಆಡಿಕೊಳ್ಳಲಿ: ಯಾವ ಓಣಿಗೆ ಯಾರು ಯಾವ ಹೊತ್ತಿಗೆ ಹೋಗುವುದು; ಮನೆಯವರ ವಿಚಾರ ಎತ್ತಕೂಡದು; ವಾಟ್ಸಾಪಿನಲ್ಲಿ ಏನಾದರೂ ಹರಿದಾಡಿದರೆ ಮೊದಲು ಒಂದು ಫೋನು. ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇದರ ಬೆಲೆ ಗೊತ್ತಾಗುವುದು ಎಣಿಕೆಯ ಮೇಜಿನ ಮೇಲೆ. ಮತಪತ್ರ ಮಡಿಸುವಾಗ ಹಸಿ ಶಾಯಿ ಇನ್ನೊಬ್ಬರ ಚಿಹ್ನೆಯ ಮೇಲೂ ಅಂಟುತ್ತದೆ. ಅಸಲಿ ಗುರುತು ಗಾಢ. ಅಂಟಿದ್ದು ಮಸುಕು, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಅಷ್ಟಕ್ಕೇ ಮತ ಅಸಿಂಧುವಾಗದು. ಅಧಿಕಾರಿ ಅದೇ ಗೆರೆಗೆ ಮತ್ತೆ ಮಡಿಸಿ ತೋರಿಸಿದರೆ, ಪರಸ್ಪರ ಮಾತಿರುವ ಏಜೆಂಟರು ಒಪ್ಪಿಬಿಡುತ್ತಾರೆ. ಮಾತು ಬಿಟ್ಟವರು ಆ ಒಂದು ಮತಪತ್ರಕ್ಕೆ ಮೇಜು ಬಡಿಯುತ್ತಾರೆ. ಮತ ಸಮ ಬಂದರೆ ಚೀಟಿ ಎತ್ತಿ ತೀರ್ಮಾನಿಸುವುದು ನಿಯಮ. ಮನಸ್ಸು ಕೆಟ್ಟವರಿಗೆ ಆ ಚೀಟಿಯಲ್ಲೂ ಮೋಸವೇ ಕಾಣುತ್ತದೆ.

ವಿರೋಧ: ಸ್ನೇಹವೋ, ಹೊಂದಾಣಿಕೆಯೋ

ಎಣಿಕೆ ಮೇಜಿನ ಸೌಜನ್ಯಕ್ಕೆ ತಕರಾರಿಲ್ಲ. ತಕರಾರು ಇರುವುದು ನಾಮಪತ್ರ ವಾಪಸಿನ ಕೊನೆಯ ದಿನದ ಬಗ್ಗೆ. ‘ನಮ್ಮನಮ್ಮಲ್ಲೇ ಯಾಕೆ’ ಎಂದು ಹಿರಿಯರು ಕೂರಿಸಿ ಒಬ್ಬರಿಂದ ಸಹಿ ಹಾಕಿಸುತ್ತಾರೆ. ಆಮೇಲೆ ಮನಸ್ಸು ಬದಲಾದರೂ ಕಣಕ್ಕೆ ಮರಳುವಂತಿಲ್ಲ. ಕಣದಿಂದ ಸರಿಯಲು ದುಡ್ಡು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನ ಪ್ರಕಾರ ಅದು ಲಂಚವೇ. 2020ರ ಡಿಸೆಂಬರ್ ಚುನಾವಣೆಯಲ್ಲಂತೂ ಸದಸ್ಯ ಸ್ಥಾನ ಹರಾಜು ಕೂಗಿದ ಸುದ್ದಿಗಳೇ ಬಂದವು.

ಎರಡು ಸ್ಥಾನದ ವಾರ್ಡಿನಲ್ಲಿ ಮತದಾರರಿಗೆ ಎರಡು ಮತ. ‘ನಿಮ್ಮವರ ಎರಡನೇ ಮತ ನನಗೆ, ನಮ್ಮವರದು ನಿಮಗೆ’ ಎಂದು ಗೆಳೆಯರು ಒಳಗೊಳಗೇ ಕುದುರಿಸಿಕೊಂಡರೆ ಮೂರನೆಯವರು ಚಪ್ಪಲಿ ಸವೆಸಿದ್ದಷ್ಟೇ ಬಂತು. ಇದು ಅಪರಾಧವಲ್ಲ ನಿಜ. ಆದರೆ ಒಬ್ಬರ ಪರ ನಿಂತು ಅಣ್ಣತಮ್ಮಂದಿರ ಜತೆಗೇ ಮಾತು ಬಿಟ್ಟ ಬೆಂಬಲಿಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಮುಂದೆ ಅಧ್ಯಕ್ಷಗಿರಿ. ಅವಧಿ 30 ತಿಂಗಳು. ‘ನಿನಗೆ ಹದಿನೈದು, ನನಗೆ ಹದಿನೈದು’ ಎಂಬ ಬಾಯಿಮಾತಿಗೆ ಕಾನೂನಿನ ಬಲವಿಲ್ಲ. ಹದಿನಾರನೇ ತಿಂಗಳಿಗೆ ರಾಜೀನಾಮೆ ಬರುವುದಿಲ್ಲ, ಅವಿಶ್ವಾಸದ ಮಾತು ಶುರುವಾಗುತ್ತದೆ, ಸದಸ್ಯರು ಪ್ರವಾಸ ಹೊರಡುತ್ತಾರೆ.

ಇನ್ನು ಗ್ರಾಮಸಭೆಯಲ್ಲಿ ‘ಚರಂಡಿ ಕೆಲಸದ ಅಳತೆ ಪುಸ್ತಕ ತನ್ನಿ’ ಎಂದು ಕೇಳಲು ಸೋತವರಿಗಿಂತ ತಕ್ಕವರಿಲ್ಲ. ವಾರ್ಡಿನ ಮೂಲೆಮೂಲೆ ಸುತ್ತಿದವರು ಅವರು. ಪುಸ್ತಕದಲ್ಲಿ 100 ಮೀಟರ್ ಬರೆದು 80 ಕಟ್ಟಿದ್ದರೆ ಟೇಪ್ ಹಿಡಿದು ತೋರಿಸಬೇಕಾದವರೂ ಅವರೇ. ಗೆಳೆತನಕ್ಕೆ ಬಿದ್ದು ಅವರು ಸುಮ್ಮನಾದರೆ ಉಳಿದ 20 ಮೀಟರ್ ಕೊಚ್ಚೆ ರಸ್ತೆಯ ಮೇಲೇ ಹರಿಯುತ್ತದೆ.