ರಾಜನ ಸಿಟ್ಟು, ಗಿರಣಿಯ ನೀರು

ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಸಾನ್ಸುಸಿ ಅರಮನೆ ಪಕ್ಕ ಒಂದು ಗಾಳಿ ಗಿರಣಿ ಇದೆ. ಅದರ ಸದ್ದು ಪ್ರಷ್ಯಾದ (ಆಗ ಆ ಸೀಮೆಯಲ್ಲಿದ್ದ ರಾಜ್ಯ) ರಾಜ ಎರಡನೇ ಫ್ರೆಡರಿಕ್‌ಗೆ ತಲೆನೋವಾಯಿತಂತೆ. ಗಿರಣಿಯನ್ನು ಮಾರು ಅಂದನಂತೆ. ಗಿರಣಿಯವನು ಒಪ್ಪಲಿಲ್ಲವಂತೆ. "ಸುಮ್ನೆ ಕಿತ್ತುಕೊಂಡರೆ ಏನು ಮಾಡ್ತೀಯ?" ಅಂತ ರಾಜ ಗದರಿದರೆ, "ಬರ್ಲಿನ್‌ನಲ್ಲಿ ಕೋರ್ಟ್ ಇದೆಯಲ್ಲ ಮಹಾಸ್ವಾಮಿ" ಅಂದನಂತೆ. ರಾಜ ತೆಪ್ಪಗಾದನಂತೆ.

ಇಷ್ಟೊಂದು 'ಅಂತೆ' ಯಾಕೆ ಅಂದರೆ ಇದು ಬರೀ ಕಟ್ಟುಕಥೆ. ನಿಜವಾಗಿ ನಡೆದದ್ದು ಇನ್ನೊಂದು ಗಿರಣಿಯ ಕಥೆ. ಅಲ್ಲಿ ರಾಜ ತೆಪ್ಪಗಾಗಲಿಲ್ಲ.

ಅದಕ್ಕೂ ಮೊದಲು ಕೊಕ್ಸೇಯಿ ಅನ್ನುವ ಮುದುಕನ ಬಗ್ಗೆ ಹೇಳಬೇಕು. ಇವನು ಈ ರಾಜನ ನ್ಯಾಯಮಂತ್ರಿ. ನನ್ನ ಪ್ರಕಾರ ಈ ಕಥೆಯ ಹೀರೋ ಇವನೇ. 'ಗೆದ್ದವ ಸೋತ, ಸೋತವ ಸತ್ತ' ಅಂತ ನಾವು ಕೋರ್ಟಿನ ಬಗ್ಗೆ ಹೇಳುತ್ತೇವಲ್ಲ, ಪ್ರಷ್ಯಾದಲ್ಲೂ ಅದೇ ಗತಿ ಇತ್ತು. ಕಕ್ಷಿದಾರರು ಕಟ್ಟುವ ಫೀಸಿನಲ್ಲೇ ಕೋರ್ಟಿನವರ ಹೊಟ್ಟೆ ತುಂಬಬೇಕು. ಕೇಸು ಎಳೆದಷ್ಟೂ ಲಾಭ. ಇನ್ನು ಯಾರು ಬೇಗ ಮುಗಿಸುತ್ತಾರೆ? 1747ರಲ್ಲಿ ಕೊಕ್ಸೇಯಿ ಪ್ರಷ್ಯಾದ ಪೊಮೆರೇನಿಯಾ ಪ್ರಾಂತ್ಯಕ್ಕೆ ಹೋಗಿ ಕೂತು, ಕೊಳೆಯುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಕೇಸು ಮುಗಿಸಿಬಿಟ್ಟ. ಕೆಲಸಕ್ಕೆ ಬಾರದ ಜಡ್ಜ್‌ಗಳನ್ನು ಮನೆಗೆ ಕಳಿಸಿದ. ಉಳಿದವರಿಗೆ ಸರಿಯಾದ ಸಂಬಳ, ಹೊಸಬರಿಗೆ ಪರೀಕ್ಷೆ. ಕೆಳಗಿನ ಕೋರ್ಟು, ಅದರ ಮೇಲೆ ಎರಡು ಅಪೀಲು, ಎಲ್ಲ ಸೇರಿ ಒಂದು ವರ್ಷದೊಳಗೆ ಮುಗಿಯಬೇಕು ಅನ್ನೋದು ಅವನ ಗುರಿ. ಎಲ್ಲ ಕಡೆ ಅದು ನೆರವೇರಲಿಲ್ಲ, ಆ ಮಾತು ಬೇರೆ. 1752ರಲ್ಲಿ ರಾಜನೂ ತನ್ನ ಉತ್ತರಾಧಿಕಾರಿಗೆಂದು ಬರೆದಿಟ್ಟ: ಕೋರ್ಟಿನಲ್ಲಿ ಕಾನೂನು ಮಾತಾಡಬೇಕು, ರಾಜ ಬಾಯಿ ಮುಚ್ಚಿಕೊಂಡಿರಬೇಕು.

ಬರೆದವನೇ ಅದನ್ನು ಮರೆತ. ನ್ಯೂಮಾರ್ಕ್ ಸೀಮೆಯಲ್ಲಿ ಆರ್ನಾಲ್ಡ್ ಅನ್ನುವವನದ್ದೊಂದು ನೀರಿನ ಗಿರಣಿ. ಮೇಲ್ಗಡೆಯ ಜಮೀನ್ದಾರ ಮೀನು ಸಾಕಲು ಕೊಳ ತೋಡಿದ. ನೀರು ಬರುತ್ತಿಲ್ಲ, ಗೇಣಿ ಕಟ್ಟಲ್ಲ ಅಂದ ಆರ್ನಾಲ್ಡ್. 1778ರಲ್ಲಿ ಗಿರಣಿ ಹರಾಜಾಯಿತು. ತನ್ನ ಜಮೀನಿನಲ್ಲಿ ಹರಿಯುವ ನೀರನ್ನು ಬಳಸಲು ಜಮೀನ್ದಾರನಿಗೆ ಹಕ್ಕಿದೆ ಅಂತ ಕೋರ್ಟುಗಳು ಹೇಳಿದವು. ಬರ್ಲಿನ್‌ನ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಆರ್ನಾಲ್ಡ್ ರಾಜನಿಗೆ ಅರ್ಜಿ ಮೇಲೆ ಅರ್ಜಿ ಹಾಕಿದ್ದ. 1779ರ ಡಿಸೆಂಬರ್ 11ರಂದು ರಾಜ ಚಾನ್ಸಲರ್ (ನ್ಯಾಯ ಇಲಾಖೆಯ ಮುಖ್ಯಸ್ಥ) ಫ್ಯೂರ್ಸ್ಟ್‌ನನ್ನೂ ಮೂವರು ಜಡ್ಜ್‌ಗಳನ್ನೂ ಕರೆಸಿದ. ವಾತದಿಂದ ನರಳುತ್ತಿದ್ದ ಮುದಿ ರಾಜ, ತಲೆಯೆಲ್ಲ ಬೆಂಕಿ. ಫ್ಯೂರ್ಸ್ಟ್ ಬಾಯಿ ತೆಗೆಯುವಷ್ಟರಲ್ಲಿ "ಮಾರ್ಷ್! ನಿನ್ನ ಜಾಗ ತುಂಬಿಯಾಗಿದೆ" ಅಂತ ಹೊರಗಟ್ಟಿದ. ಜಡ್ಜ್‌ಗಳು ಸೀದಾ ಜೈಲಿಗೆ. ಅವರಿಗೆ ಶಿಕ್ಷೆ ಬರೆದು ತಾ ಅಂದರೆ ಮಂತ್ರಿ ಸೆಡ್ಲಿಟ್ಸ್ ಒಪ್ಪಲಿಲ್ಲ. ಅದಕ್ಕೆ ರಾಜ ತಾನೇ ಶಿಕ್ಷೆ ವಿಧಿಸಿದ.

ಯುರೋಪೆಲ್ಲ ಭಲೇ ಅಂದಿತು. ಬಡವನ ಪರ ನಿಂತ ರಾಜ! ಮೊದಲ ಸಲ ಓದಿದಾಗ ನಾನೂ ಭಲೇ ಅಂದವನೇ. ಆರ್ನಾಲ್ಡ್ ಹೊಟ್ಟೆಗೆ ಹೊಡೆತ ಬಿದ್ದಿದ್ದು ನಿಜ ಅಲ್ವಾ? ಆದರೆ ಆ ಜಡ್ಜ್‌ಗಳು ಲಂಚ ತಿಂದವರಲ್ಲ. ತಮಗೆ ತಿಳಿದ ಕಾನೂನಿನಂತೆ ತೀರ್ಪು ಕೊಟ್ಟವರು. ಇವತ್ತು ಬಡವನ ಪರ ಸಿಟ್ಟಾದ ರಾಜ ನಾಳೆ ಯಾರ ಮೇಲೆ ಸಿಟ್ಟಾಗುತ್ತಾನೋ? ಬರ್ಲಿನ್ನಿನ ದೊಡ್ಡ ಮನುಷ್ಯರಿಗೆ ಆಗಲೇ ಇದು ಹೊಳೆದಿತ್ತು. ಕೆಲಸ ಕಳೆದುಕೊಂಡ ಫ್ಯೂರ್ಸ್ಟ್ ಮನೆ ಮುಂದೆ ಅವನ ಪರ ನಿಂತವರ ಸಾರೋಟುಗಳು ಸಾಲುಗಟ್ಟಿ ನಿಂತವು.

1786ರಲ್ಲಿ ರಾಜ ಸತ್ತ. ಪಟ್ಟಕ್ಕೆ ಬಂದ ಸಂಬಂಧಿ ಆ ಜಡ್ಜ್‌ಗಳ ಮೇಲಿದ್ದ ಕಳಂಕ ತೊಡೆದ. ಫ್ಯೂರ್ಸ್ಟ್ ಜಾಗಕ್ಕೆ ಬಂದಿದ್ದ ಚಾನ್ಸಲರ್ ಕಾರ್ಮರ್ ಮತ್ತು ಅವನ ಬಲಗೈ ಸ್ವಾರೆಸ್ ಇಬ್ಬರೂ ಸೇರಿ ದೊಡ್ಡ ಕಾನೂನು ಸಂಹಿತೆ ಬರೆಯುತ್ತಿದ್ದರು. ಕೋರ್ಟನ್ನು ಬದಿಗೊತ್ತಿ ರಾಜ ತನ್ನ ಅಧಿಕಾರದ ಬಲದಿಂದಲೇ ತೀರ್ಪು ಕೊಟ್ಟರೆ ಅದು ನಡೆಯಲ್ಲ ಅಂತ 1791ರ ಪ್ರತಿಯಲ್ಲಿ ಸೇರಿಸಿದರು. 1794ರಲ್ಲಿ 19,000ಕ್ಕೂ ಹೆಚ್ಚು ಕಲಮುಗಳ ಸಂಹಿತೆ ಜಾರಿಗೆ ಬಂತು. ಆ ಒಂದು ಕಲಮನ್ನು ಮಾತ್ರ ಅಷ್ಟರಲ್ಲಿ ಕಿತ್ತುಹಾಕಿದ್ದರು.