ಎಲ್ಲಾ ಮುಗಿದ ಮೇಲೆ ನಮ್ಮ ಅಭಿಪ್ರಾಯ ಯಾಕೆ?

ಹೊಸ ತಂತ್ರಜ್ಞಾನ ಬರುವಾಗ ಸಾಮಾನ್ಯ ಜನರನ್ನು ಯಾವಾಗ ಮಾತಾಡಿಸುತ್ತಾರೆ ಗಮನಿಸಿದ್ದೀರಾ? ಎಲ್ಲಾ ತಯಾರಾದ ಮೇಲೆ. ಆ್ಯಪ್ ಬಂದಾಯಿತು, ಯಂತ್ರ ಕೂರಿಸಿಯಾಯಿತು, ಆಮೇಲೆ ‘ನಿಮ್ಮ ಅಭಿಪ್ರಾಯ ತಿಳಿಸಿ’. ಅಷ್ಟು ಹೊತ್ತಿಗೆ ಬದಲಾಯಿಸಲು ಏನೂ ಉಳಿದಿರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ತಂತ್ರಜ್ಞಾನವನ್ನು ಸಮಾಜ ಹೇಗೆ ಹತೋಟಿಯಲ್ಲಿಡಬೇಕು ಎಂಬ ಬಗ್ಗೆ ಬರೆದ ಡೇವಿಡ್ ಕಾಲಿಂಗ್‌ರಿಜ್ ಈ ಇಕ್ಕಟ್ಟನ್ನು 1980ರಲ್ಲೇ ಬಿಡಿಸಿ ಹೇಳಿದ್ದರು. ತಂತ್ರಜ್ಞಾನ ಎಳೆಯದಾಗಿದ್ದಾಗ ತಿದ್ದುವುದು ಸುಲಭ, ಆದರೆ ಅದರ ತೊಂದರೆ ಏನು ಅಂತ ಆಗ ಗೊತ್ತಿರುವುದಿಲ್ಲ. ಗೊತ್ತಾಗುವಷ್ಟರಲ್ಲಿ ಅದು ಬೇರು ಬಿಟ್ಟಿರುತ್ತದೆ. ಹಾಗಾದರೆ ತೊಂದರೆಯನ್ನು ಮೊದಲೇ ಊಹಿಸಬಲ್ಲವರು ಯಾರು? ಅದರ ಜೊತೆ ದಿನಾ ಬದುಕಬೇಕಾದವರೇ ಅಲ್ವಾ?

ಟೈಪ್ 1 ಸಕ್ಕರೆ ಕಾಯಿಲೆಯ ವಿಷಯ ನೋಡಿ. ಇದರಲ್ಲಿ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ದೇಹದಲ್ಲಿ ತಯಾರಾಗುವುದಿಲ್ಲ, ಹೊರಗಿನಿಂದ ಕೊಡಬೇಕು. ರಕ್ತದ ಸಕ್ಕರೆ ಮೇಲೆ ಸದಾ ಕಣ್ಣಿಡುವ ಸೆನ್ಸರ್ ಮಾರುಕಟ್ಟೆಗೆ ಬಂದಿತ್ತು. ಆದರೆ ಮಗು ಶಾಲೆಗೆ ಹೋದರೆ ಆ ಅಂಕಿ ಮನೆಯವರಿಗೆ ಕಾಣುತ್ತಿರಲಿಲ್ಲ. 2013ರಲ್ಲಿ ಅಮೆರಿಕದ ಒಬ್ಬ ತಂದೆ ತಾವೇ ಕೋಡ್ ಬರೆದು, ಮಗನ ಅಂಕಿ ದೂರದಿಂದಲೇ ಕಾಣುವ ಹಾಗೆ ಮಾಡಿದರು. ಬೇರೆಯವರೂ ಕೈಜೋಡಿಸಿದರು, ‘ನೈಟ್‌ಸ್ಕೌಟ್’ ಎಂಬ ಉಚಿತ ವ್ಯವಸ್ಥೆ ಬೆಳೆಯಿತು. ‘ನಾವು ಕಾಯುತ್ತಾ ಕೂರುವುದಿಲ್ಲ’ ಅನ್ನುವುದೇ ಅವರ ಘೋಷಣೆಯಾಗಿತ್ತು. 2015ರಲ್ಲಿ ಇನ್ನೂ ಮುಂದೆ ಹೋಗಿ, ಮೈಗೆ ಜೋಡಿಸಿಕೊಂಡ ಪುಟ್ಟ ಪಂಪಿನಿಂದ ಹೋಗುವ ಇನ್ಸುಲಿನ್ ಸೆನ್ಸರ್ ಅಂಕಿ ನೋಡಿ ತಾನಾಗಿಯೇ ಹೆಚ್ಚುಕಡಿಮೆಯಾಗುವ ‘ಓಪನ್‌ಎಪಿಎಸ್’ ವಿನ್ಯಾಸವನ್ನು ಬಳಕೆದಾರರೇ ಎಲ್ಲರಿಗೂ ತೆರೆದಿಟ್ಟರು.

ಅವರು ವಹಿಸಿದ ಎಚ್ಚರ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಇನ್ಸುಲಿನ್ ಜಾಸ್ತಿಯಾದರೆ ಜೀವಕ್ಕೇ ಅಪಾಯ. ಅದಕ್ಕೇ ಡೋಸ್‌ಗೆ ಮಿತಿ ಹಾಕಿದರು. ಪಂಪಿನ ಜೊತೆಗಿನ ಸಂಪರ್ಕ ಕಡಿದುಹೋದರೆ ಅದು ಸ್ವಲ್ಪ ಹೊತ್ತಿನಲ್ಲಿ ಮಾಮೂಲಿ ಪ್ರಮಾಣಕ್ಕೆ ಮರಳುವ ಹಾಗೆ ನೋಡಿಕೊಂಡರು. ಸಿದ್ಧ ಉಪಕರಣ ಮಾರಲಿಲ್ಲ. ಬೇಕಾದವರು ಓದಿ, ಅರ್ಥ ಮಾಡಿಕೊಂಡು, ತಾವೇ ಜೋಡಿಸಿಕೊಳ್ಳಬೇಕಿತ್ತು. ‘ಜನರಿಗೇನು ಗೊತ್ತಾಗುತ್ತೆ’ ಅಂತ ಸುಮ್ನೆ ತಳ್ಳಿಹಾಕುವವರು ಇದನ್ನೊಮ್ಮೆ ನೋಡಬೇಕು.

ಎಲ್ಲರೂ ಕೋಡ್ ಬರೆಯಬೇಕು ಅಂತ ನಾನು ಹೇಳುತ್ತಿಲ್ಲ. 1987ರಲ್ಲಿ ಡೆನ್ಮಾರ್ಕ್‌ನಲ್ಲಿ ಜೀನ್ ತಂತ್ರಜ್ಞಾನದ (ಜೀವಿಗಳ ವಂಶವಾಹಿ ಬದಲಿಸುವ ತಂತ್ರದ) ಬಗ್ಗೆ ಚರ್ಚಿಸಲು ಸಾಮಾನ್ಯ ಜನರ ಸಣ್ಣ ತಂಡವೊಂದನ್ನು ಸೇರಿಸಿದರು. ಈ ಪದ್ಧತಿಯಲ್ಲಿ ಪ್ರಶ್ನೆ ಆರಿಸುವವರು ಜನ, ಉತ್ತರ ಕೊಡಬೇಕಾದವರು ತಜ್ಞರು. ಕೊನೆಯ ವರದಿ ಬರೆಯುವುದೂ ಜನರೇ. ಇಂಥದ್ದು ಎಲ್ಲಾ ಕಡೆ ಯಾಕಿಲ್ಲ?

ಆದರೆ ಕೆಲಸ ಬಿಟ್ಟು ಬಂದು ಕೂರುವವರಿಗೆ ಆ ದಿನದ ದುಡಿಮೆಯ ಹಣ ಕೊಡಬೇಕು. ಇಲ್ಲದಿದ್ದರೆ ಬಿಡುವಿದ್ದವರು, ಅನುಕೂಲಸ್ಥರು ಮಾತ್ರ ಬರುತ್ತಾರೆ. ಇನ್ನೊಂದು ಮಾತು. ಜನ ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಕೈಬಿಟ್ಟರು, ಯಾಕೆ ಬಿಟ್ಟರು ಅಂತ ಕರೆಸಿದವರು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು.